ಫ್ರೆಂಚ್ ಕಲಿಯಲು ಹೊರಟವರಿಗೆ

ಫ್ರೆಂಚ್ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. ಮಕ್ಕಳು ಪಿಯುಸಿಗೆ ಸೇರುವ ಮನೆಗಳಲ್ಲಿ ಅದು ಅಂಕ ತಂದುಕೊಡುವ ಭಾಷೆ. ಉಳಿದವರ ಪಾಲಿಗೆ ಅತ್ತರು, ಫ್ಯಾಷನ್, ಐಫೆಲ್ ಗೋಪುರಗಳ ನಾಡಿನ ನಾಜೂಕು ಜನರ ಭಾಷೆ. ಹೊಸಬರಿಗೆ ಪಾಠ ಶುರುಮಾಡುವಾಗ ಈ ಎರಡನ್ನೂ ಪಕ್ಕಕ್ಕಿಡಿ ಎನ್ನುತ್ತೇನೆ. ಫ್ರೆಂಚನ್ನು ಬೆಳೆಸಿದವರಲ್ಲಿ, ಅದರ ಹೆಸರನ್ನು ಜಗತ್ತಿಗೆ ಮುಟ್ಟಿಸಿದವರಲ್ಲಿ ಕುರ್ಚಿ ಮಂಚಗಳಿಗೆ ಬಟ್ಟೆ ಹೊದಿಸುವವನ ಮಗನಿದ್ದಾನೆ, ಕುದುರೆ ಜೀನು ಹೊಲಿಯುವವನ ಮಗನಿದ್ದಾನೆ, ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದ ತಾಯಿಯ ಮಗನಿದ್ದಾನೆ, ಪೋಲೆಂಡಿನಿಂದ ಓದಲು ಬಂದ ಹೆಣ್ಣುಮಗಳಿದ್ದಾಳೆ, ಆಫ್ರಿಕಾದ ಕವಿಯಿದ್ದಾನೆ. ಅರಮನೆ ಈ ಭಾಷೆಯನ್ನು ಪೋಷಿಸಿತು ನಿಜ, ಆದರೆ ಅದು ಅರಮನೆಯ ಸ್ವತ್ತಾಗಿ ಉಳಿಯಲಿಲ್ಲ. ಭಾಷೆಯ ಜೊತೆಜೊತೆಗೇ ಆ ಭಾಷೆಯ ಜನರ ಪರಿಚಯವೂ ಆದರೆ ಹೆದರಿಕೆ ತಾನಾಗಿ ಹೋಗುತ್ತದೆ. ಈ ಲೇಖನ ಅದಕ್ಕಾಗಿ.

ನಿಮಗೆ ಆಗಲೇ ಗೊತ್ತಿರುವ ಫ್ರೆಂಚ್

ಡಿಪೋ, ಗ್ಯಾರೇಜ್, ಮೆನು, ಕೂಪನ್, ಬ್ಯೂರೋ, ರೆಸ್ಟೋರೆಂಟ್ ಎಂಬ ಮಾತುಗಳನ್ನು ಆಡದ ದಿನ ನಮಗೆ ಕಡಿಮೆ. ಇವೆಲ್ಲ ಫ್ರೆಂಚಿನಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನಮ್ಮಲ್ಲಿಗೆ ಬಂದವು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಆಮೇಲೆ ಬಹುಕಾಲ ಅಲ್ಲಿನ ಆಸ್ಥಾನ, ನ್ಯಾಯಾಲಯಗಳಲ್ಲಿ ಫ್ರೆಂಚ್ ನಡೆಯಿತು. ಹಾಗಾಗಿ ಇಂಗ್ಲಿಷ್ ಓದಿದ ಪ್ರತಿಯೊಬ್ಬರ ಬಳಿಯೂ ಫ್ರೆಂಚಿನ ಸಾವಿರಾರು ಪದಗಳು ಮೊದಲೇ ಇವೆ. ಉಚ್ಚಾರ ಬೇರೆ, ಅರ್ಥ ಕೆಲವೆಡೆ ಬೇರೆ. ಆದರೂ ನೀವು ಬರಿಗೈಯಲ್ಲಿ ಬಂದವರಲ್ಲ.

ಹಾಲಿನ ಲೀಟರ್, ಅಕ್ಕಿಯ ಕಿಲೋ, ಬಟ್ಟೆಯ ಮೀಟರ್ ಕೂಡ ಫ್ರಾನ್ಸಿನವೇ. ಫ್ರೆಂಚ್ ಕ್ರಾಂತಿಗೆ ಮೊದಲು ಆ ದೇಶದಲ್ಲಿ ಊರಿಗೊಂದು ಅಳತೆ, ಸಂತೆಗೊಂದು ತೂಕ ಇತ್ತು. ಜಮೀನ್ದಾರ ತನಗೆ ಬೇಕಾದ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದ, ರೈತ ನಷ್ಟಕ್ಕೆ ಬೀಳುತ್ತಿದ್ದ. ಎಲ್ಲರಿಗೂ ಒಂದೇ ಅಳತೆ ಬೇಕು ಎಂದು ಕ್ರಾಂತಿಯ ಸರ್ಕಾರ 1795ರಲ್ಲಿ ಮೆಟ್ರಿಕ್ ಪದ್ಧತಿಯನ್ನು ಕಾನೂನು ಮಾಡಿತು. ಉತ್ತರ ಧ್ರುವದಿಂದ ಭೂಮಧ್ಯ ರೇಖೆವರೆಗಿನ ದೂರದ ಒಂದು ಕೋಟಿಯ ಒಂದು ಪಾಲೇ ಮೀಟರ್ ಎಂದು ಗೊತ್ತುಮಾಡಿದರು. ಅದನ್ನು ಕಂಡುಹಿಡಿಯಲು ದೆಲಾಂಬ್ರ್ ಮತ್ತು ಮೆಶೆಂ ಎಂಬ ಇಬ್ಬರು ವಿಜ್ಞಾನಿಗಳು ಡಂಕರ್ಕ್‌ನಿಂದ ಬಾರ್ಸಿಲೋನಾವರೆಗೆ ವರ್ಷಗಟ್ಟಲೆ ನೆಲ ಅಳೆದರು. ಸೇರು, ಮಣಗಳ ಲೆಕ್ಕದಲ್ಲಿದ್ದ ನಮ್ಮ ದೇಶ 1956ರ ಕಾಯ್ದೆಯ ನಂತರ ಅದೇ ಪದ್ಧತಿಗೆ ಬಂತು.

ನಂಟು ಇನ್ನೂ ಹತ್ತಿರದ್ದೂ ಇದೆ. ಮಂಡ್ಯ ಜಿಲ್ಲೆಯ ಪಾಂಡವಪುರವನ್ನು ಹಿಂದೆ ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದರು. ಹೈದರ್, ಟಿಪ್ಪು ಅವರ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಅಲ್ಲಿನ ಬಂಡೆಗಳ ಬಳಿ ಬಿಡಾರ ಹೂಡಿತ್ತು. 1788ರಲ್ಲಿ ಟಿಪ್ಪು ಕಳಿಸಿದ ರಾಯಭಾರಿಗಳು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಮರುವರ್ಷವೇ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು.

ಭಾಷೆ ಬೆಳೆದ ಬಗೆ

ಈಗಿನ ಫ್ರಾನ್ಸ್ ಹಿಂದೆ ಗಾಲ್ ಎಂಬ ನಾಡು. ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲಿ ಜೂಲಿಯಸ್ ಸೀಸರ್ ಅದನ್ನು ಗೆದ್ದ ಮೇಲೆ ರೋಮನ್ ಸಿಪಾಯಿಗಳು, ವ್ಯಾಪಾರಿಗಳು ತಮ್ಮ ಆಡುಮಾತಿನ ಲ್ಯಾಟಿನ್ ತಂದರು. ಸ್ಥಳೀಯರು ಅದನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡರು. ನಂತರ ಜರ್ಮನ್ ಮೂಲದ ಫ್ರಾಂಕರು ಬಂದು ಆಳಿದರು. ದೇಶಕ್ಕೆ ಹೆಸರು ಬಂದದ್ದು ಅವರಿಂದ. ಜನರ ಬಾಯಲ್ಲಿ ಸವೆಯುತ್ತ ಹೋದ ಲ್ಯಾಟಿನ್ ನಿಧಾನವಾಗಿ ಬೇರೊಂದು ಭಾಷೆಯೇ ಆಯಿತು. ಆ ಭಾಷೆ ಮೊದಲು ಬರಹದಲ್ಲಿ ಕಾಣುವುದು 842ರಲ್ಲಿ. ಶಾರ್ಲಮೇನ್ ಚಕ್ರವರ್ತಿಯ ಇಬ್ಬರು ಮೊಮ್ಮಕ್ಕಳು ತಮ್ಮಿಬ್ಬರ ಅಣ್ಣನ ವಿರುದ್ಧ ಒಂದಾಗಿ ಸ್ಟ್ರಾಸ್‌ಬರ್ಗ್‌ನಲ್ಲಿ ಪ್ರತಿಜ್ಞೆ ಮಾಡಿದರು. ಸೈನಿಕರಿಗೆ ಲ್ಯಾಟಿನ್ ತಿಳಿಯದು. ಆದ್ದರಿಂದ ಪ್ರತಿಜ್ಞೆ ಅವರ ಆಡುಮಾತಿನಲ್ಲಿ ನಡೆಯಿತು. ಫ್ರೆಂಚಿನ ಮೊದಲ ಲಿಖಿತ ಸಾಕ್ಷಿ, ಹೀಗೆ, ಸಾಮಾನ್ಯ ಸಿಪಾಯಿಗೆ ಅರ್ಥವಾಗಲಿ ಎಂದು ಆಡಿದ ಮಾತು.

ಅಲ್ಲಿಂದ ಏಳುನೂರು ವರ್ಷ ವಿದ್ವಾಂಸರ, ಚರ್ಚಿನ ಭಾಷೆಯಾಗಿ ಲ್ಯಾಟಿನ್ನೇ ಮೆರೆಯಿತು. 1539ರಲ್ಲಿ ಒಂದನೇ ಫ್ರಾನ್ಸ್ವಾ ದೊರೆ ವಿಲೆರ್-ಕೊತ್ರೆ ಎಂಬ ಊರಿನಲ್ಲಿ ಒಂದು ರಾಜಶಾಸನ ಹೊರಡಿಸಿದ: ನ್ಯಾಯಾಲಯದ ತೀರ್ಪು, ಕರಾರು, ಉಯಿಲು ಎಲ್ಲವೂ ಇನ್ನು ಫ್ರೆಂಚಿನಲ್ಲೇ ಇರಬೇಕು. ಆ ಊರಿನ ಕೋಟೆಮನೆಯಲ್ಲಿ 2023ರಲ್ಲಿ ಫ್ರೆಂಚ್ ಭಾಷೆಗಾಗಿಯೇ ಒಂದು ಅಂತರರಾಷ್ಟ್ರೀಯ ಕೇಂದ್ರ ತೆರೆದಿದೆ. ಶಾಸನ ಬಂದ ಹತ್ತು ವರ್ಷಕ್ಕೆ, 1549ರಲ್ಲಿ, ಜೊಆಶಂ ದ್ಯು ಬೆಲೆ ಎಂಬ ಯುವಕವಿ ನಮ್ಮ ಭಾಷೆ ಲ್ಯಾಟಿನ್ ಗ್ರೀಕುಗಳಿಗೆ ಕಡಿಮೆಯಲ್ಲ, ಅದರಲ್ಲೇ ದೊಡ್ಡ ಕಾವ್ಯ ಬರೆಯೋಣ ಎಂದು ವಾದಿಸಿ ಪುಸ್ತಕ ಬರೆದ. ದೇಸಿ ಮಾರ್ಗಗಳ ಚರ್ಚೆ ಕಂಡ ಕನ್ನಡಿಗರಿಗೆ ಈ ವಾದದ ಹಿಂದಿನ ಹಂಬಲ ಸುಲಭವಾಗಿ ಅರ್ಥವಾದೀತು.

1635ರಲ್ಲಿ ಮಂತ್ರಿ ರಿಶೆಲ್ಯೂ ಫ್ರೆಂಚ್ ಅಕಾಡೆಮಿ ಸ್ಥಾಪಿಸಿದ. ಭಾಷೆಗೆ ನಿಯಮ ಕಟ್ಟುವುದು, ನಿಘಂಟು ಮಾಡುವುದು ಅದರ ಕೆಲಸ. ನಲವತ್ತು ಸದಸ್ಯರು, ಅವರನ್ನು ಅಮರರು ಎನ್ನುತ್ತಾರೆ. ಮೊದಲ ನಿಘಂಟು 1694ರಲ್ಲಿ ಬಂತು. ಅಕಾಡೆಮಿಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯಲು ಮಾತ್ರ 345 ವರ್ಷ ಹಿಡಿಯಿತು: ಕಾದಂಬರಿಗಾರ್ತಿ ಮಾರ್ಗರೀತ್ ಯೂರ್ಸನಾರ್ ಆಯ್ಕೆಯಾದದ್ದು 1980ರಲ್ಲಿ.

ಈ ಕಥೆಗೆ ನೋವಿನ ಇನ್ನೊಂದು ಮುಖವಿದೆ, ಅದನ್ನೂ ಹೊಸಬರು ತಿಳಿಯಬೇಕು. 1794ರಲ್ಲಿ ಗ್ರೆಗ್ವಾರ್ ಎಂಬ ಪಾದ್ರಿ ಕ್ರಾಂತಿಯ ಸಭೆಗೆ ಒಂದು ವರದಿ ಕೊಟ್ಟ. ಅದರ ಪ್ರಕಾರ ಕನಿಷ್ಠ 60 ಲಕ್ಷ ಜನರಿಗೆ ಫ್ರೆಂಚ್ ಬಾರದು, ಶುದ್ಧವಾಗಿ ಆಡಬಲ್ಲವರು 30 ಲಕ್ಷ ಮೀರುವುದಿಲ್ಲ. ಉಳಿದವರ ಬಾಯಲ್ಲಿ ಬ್ರೆತಾಂ, ಆಕ್ಸಿತಾಂ, ಬಾಸ್ಕ್, ಕಾರ್ಸಿಕನ್, ಅಲ್ಸಾಸಿನ ಜರ್ಮನ್ ಇದ್ದವು. ಪ್ರಜೆಗಳೆಲ್ಲ ಸಮಾನರಾಗಬೇಕಾದರೆ ಈ ನುಡಿಗಳು ಅಳಿದು ಒಂದೇ ಭಾಷೆ ಉಳಿಯಬೇಕು ಎಂಬುದು ಅವನ ನಿಲುವು. 1880ರ ದಶಕದಲ್ಲಿ ಉಚಿತ, ಕಡ್ಡಾಯ ಶಿಕ್ಷಣ ಬಂದಾಗ ಬಡಮಕ್ಕಳಿಗೆ ಅಕ್ಷರ ಸಿಕ್ಕಿತು. ಅದೇ ಶಾಲೆಗಳಲ್ಲಿ ಬ್ರೆತಾಂ ಆಡಿದ ಮಗುವಿನ ಕೊರಳಿಗೆ ಅವಮಾನದ ಗುರುತೊಂದನ್ನು ಕಟ್ಟುತ್ತಿದ್ದರು. ತಾಯ್ನುಡಿ ಆಡುವ ಇನ್ನೊಂದು ಮಗುವನ್ನು ತೋರಿಸಿಕೊಟ್ಟರೆ ಗುರುತು ಆ ಮಗುವಿನ ಕೊರಳಿಗೆ ಹೋಗುತ್ತಿತ್ತು. ಆ ಭಾಷೆಗಳಲ್ಲಿ ಕೆಲವಕ್ಕೆ ಶಾಲೆಯಲ್ಲಿ ಕಾನೂನಿನ ಜಾಗ ಸಿಕ್ಕಿದ್ದು 1951ರಲ್ಲಿ, ಅದೂ ಐಚ್ಛಿಕವಾಗಿ. ಫ್ರೆಂಚನ್ನು ಪ್ರೀತಿಸುವವರು ಅದು ತುಳಿದ ನುಡಿಗಳನ್ನೂ ನೆನೆಯುವುದು ನ್ಯಾಯ.

ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು

ಈಗ ಪಾಠಕ್ಕೆ ಬರೋಣ. ಫ್ರೆಂಚಿಗೆ ಇಂಗ್ಲಿಷಿನವೇ 26 ಅಕ್ಷರಗಳು. ಕೆಲವು ಅಕ್ಷರಗಳ ಮೇಲೆ ಸಣ್ಣ ಗೆರೆ, ಟೋಪಿ, ಎರಡು ಚುಕ್ಕೆ ಬರುತ್ತವೆ. ಸಿ ಅಕ್ಷರದ ಕೆಳಗೆ ಕೊಕ್ಕೆ ಬರುತ್ತದೆ. ಇವು ಅಲಂಕಾರವಲ್ಲ, ಬರವಣಿಗೆಯ ಭಾಗ. ಬಿಟ್ಟರೆ ಕಾಗುಣಿತ ತಪ್ಪು.

ಹೊಸಬರು ಎಡವುವುದು ಬರಹ ಮತ್ತು ಉಚ್ಚಾರದ ನಡುವೆ. ನೀರು ಎಂಬುದಕ್ಕೆ ಬರೆಯುವ ಅಕ್ಷರಗಳು ಇ, ಎ, ಯು. ಓದುವಾಗ ಕೇಳುವ ಧ್ವನಿ ಬರೀ 'ಓ'. ಮೂರರಲ್ಲಿ ಒಂದು ಅಕ್ಷರದ ಸ್ವಂತ ಧ್ವನಿಯೂ ಅಲ್ಲಿಲ್ಲ. ಹಿಂದೆ ಈ ಮೂರಕ್ಕೂ ಧ್ವನಿ ಇತ್ತು. ನಾಲಿಗೆ ಮುಂದೆ ಹೋಯಿತು, ಬರವಣಿಗೆ ಹಳೆಯ ಜಾಗದಲ್ಲೇ ನಿಂತಿತು. ಹಾಗೆಯೇ ಪದದ ಕೊನೆಯ ವ್ಯಂಜನ ಬಹುಮಟ್ಟಿಗೆ ಮೌನ. ಅಲ್ಲಿನವರು ಪ್ಯಾರಿಸ್ ಎನ್ನುವುದಿಲ್ಲ, 'ಪಾರಿ' ಎನ್ನುತ್ತಾರೆ. ಆದರೆ ಇಲ್ಲಿ ಸಮಾಧಾನದ ವಿಷಯವೊಂದಿದೆ. ಇಂಗ್ಲಿಷಿನಂತೆ ಫ್ರೆಂಚ್ ಓದು ಪದಪದಕ್ಕೂ ಬದಲಾಗುವುದಿಲ್ಲ. ಈ ಮೂರು ಅಕ್ಷರ ಒಟ್ಟಿಗೆ ಬಂದಲ್ಲೆಲ್ಲ ಧ್ವನಿ 'ಓ' ಎಂದೇ. ಇಂಥ ಜೋಡಣೆಗಳನ್ನು ಗುರುತಿಸುವುದು ರೂಢಿಯಾದರೆ ಗೊತ್ತಿಲ್ಲದ ಪದವನ್ನೂ ಸರಿಯಾಗಿ ಓದಬಹುದು.

ಕನ್ನಡಿಗರಿಗೆ ಇಲ್ಲಿ ನಿಜವಾದ ಅನುಕೂಲವಿದೆ. ಫ್ರೆಂಚಿನ ಟಿ, ಡಿ ಅಕ್ಷರಗಳ ಧ್ವನಿ ನಮ್ಮ ತ, ದ. ನಾಲಿಗೆ ಹಲ್ಲಿಗೆ ತಾಗಬೇಕು. ಮೇಜು 'ತಾಬ್ಲ್', ಟೇಬಲ್ ಅಲ್ಲ. ಕ, ತ, ಪ ಧ್ವನಿಗಳಲ್ಲಿ ಇಂಗ್ಲಿಷಿನವರಂತೆ ಉಸಿರು ಚಿಮ್ಮುವುದಿಲ್ಲ. ನಮ್ಮ ಅಲ್ಪಪ್ರಾಣದಂತೆಯೇ ಸಲೀಸು. ಅಕ್ಷರಗಳು ನಮ್ಮ ಮಾತಿನಂತೆ ಹೆಚ್ಚುಕಡಿಮೆ ಸಮನಾಗಿ ಸಾಗುತ್ತವೆ. ಆದ್ದರಿಂದ ನನ್ನ ಮೊದಲ ಸಲಹೆ: ಫ್ರೆಂಚಿಗೆ ಇಂಗ್ಲಿಷಿನ ಬಾಗಿಲಿಂದ ಹೋಗಬೇಡಿ, ಕನ್ನಡದ ನಾಲಿಗೆಯಿಂದಲೇ ಹೋಗಿ.

ಹೊಸದಾಗಿ ಕಲಿಯಬೇಕಾದ ಧ್ವನಿಗಳು ಮೂರು ಬಗೆ. ಒಂದು, ಗಂಟಲಿನ ಹಿಂಭಾಗದಲ್ಲಿ ಉಜ್ಜಿ ಬರುವ 'ರ'. ಎರಡು, ತುಟಿಯನ್ನು 'ಉ' ಎನ್ನುವಂತೆ ದುಂಡಗೆ ಮಾಡಿ ಒಳಗೆ 'ಈ' ಎಂದಾಗ ಹುಟ್ಟುವ ಸ್ವರ. ಮೂರು, ಮೂಗಿನ ಸ್ವರಗಳು. ಇವುಗಳಲ್ಲಿ ಕೊನೆಗೆ ತುಟಿ ಮುಚ್ಚಬಾರದು, ನಾಲಿಗೆ ಹಲ್ಲಿಗೆ ತಾಗಬಾರದು. ಸ್ವರವೇ ಬಾಯಿಂದಲೂ ಮೂಗಿಂದಲೂ ಒಟ್ಟಿಗೆ ಹೊರಡಬೇಕು. 'ಬಾಂ' ಎಂದರೆ ಬೆಂಚು, 'ಬ್ಯಾಂ' ಎಂದರೆ ಸ್ನಾನ, 'ಬೋಂ' ಎಂದರೆ ಒಳ್ಳೆಯದು. ಈ ಮೂರನ್ನು ಕನ್ನಡಿ ಮುಂದೆ ನಿಂತು ಜೋರಾಗಿ ಹೇಳಿ. ತುಟಿ ಮುಚ್ಚಿದರೆ ಕನ್ನಡಿಯೇ ಹೇಳಿಬಿಡುತ್ತದೆ.

ಪದಗಳು ಸಾಲಾಗಿ ಬಂದಾಗ ಒಂದಕ್ಕೊಂದು ಬೆಸೆಯುತ್ತವೆ. ಸಂಧಿ ಓದಿದ ನಮಗೆ ಇದು ಹೊಸತಲ್ಲ. 'ಲೆ' ಎಂಬುದು ಬಹುವಚನದ ಗುರುತು, 'ಅಮಿ' ಎಂದರೆ ಗೆಳೆಯರು, ಸೇರಿದಾಗ 'ಲೆಜಾಮಿ'. ಮೌನವಾಗಿದ್ದ ವ್ಯಂಜನ ಎರಡು ಸ್ವರಗಳ ನಡುವೆ ಎದ್ದು ಬಂತು. ಏಕವಚನದಲ್ಲಿ 'ಲ' ಮತ್ತು 'ಅಮಿ' ಸೇರಿದರೆ 'ಲಾಮಿ'. ಇಲ್ಲಿ ಮೊದಲ ಪದದ ಸ್ವರ ಬಿದ್ದುಹೋಯಿತು, ನಮ್ಮ ಲೋಪಸಂಧಿಯ ಹಾಗೆ.

ವ್ಯಾಕರಣದ ಮೊದಲ ನಾಲ್ಕು ಮೆಟ್ಟಿಲು

ಮೊದಲನೆಯದು ಲಿಂಗ. ಫ್ರೆಂಚಿನಲ್ಲಿ ನಪುಂಸಕಲಿಂಗ ಇಲ್ಲ. ಪ್ರತಿ ವಸ್ತುವೂ ಗಂಡು ಇಲ್ಲವೇ ಹೆಣ್ಣು. ಪುಸ್ತಕ ಗಂಡು, ಮೇಜು ಹೆಣ್ಣು. ಸೂರ್ಯ ಗಂಡು, ಚಂದ್ರ ಹೆಣ್ಣು. ಕಾರಣ ಹುಡುಕಬೇಡಿ. ಪದವನ್ನು ಒಂಟಿಯಾಗಿ ಕಲಿಯದೆ ಅದರ ಹಿಂದಿನ 'ಲ' ಅಥವಾ 'ಲಾ' ಸಮೇತ ಬಾಯಿಪಾಠ ಮಾಡಿ. ಹಿಂದಿ ಕಲಿತವರಿಗೆ ಈ ಕಷ್ಟ ಪರಿಚಿತ.

ಎರಡನೆಯದು ಕ್ರಿಯಾಪದ. ಮಾತನಾಡು ಎಂಬ ಕ್ರಿಯೆಯನ್ನು ನಾನು, ನೀನು, ಅವನು, ಅವರು ಎಂಬ ನಾಲ್ಕಕ್ಕೆ ಮೂರು ಬಗೆಯಾಗಿ ಬರೆದರೂ ಕಿವಿಗೆ ನಾಲ್ಕೂ 'ಪಾರ್ಲ್' ಎಂದೇ ಕೇಳುತ್ತವೆ. ನಾವು 'ಮಾತಾಡುತ್ತೇನೆ' ಎಂದರೆ ಸಾಕು, ಆಡುವವರು ಯಾರೆಂದು ತಿಳಿಯುತ್ತದೆ. ಫ್ರೆಂಚಿನಲ್ಲಿ ಹಾಗಲ್ಲ, ಸರ್ವನಾಮ ಬಿಟ್ಟರೆ ವಾಕ್ಯ ಕುಂಟುತ್ತದೆ. ಕನ್ನಡದ ರೂಢಿಯಲ್ಲಿ 'ನಾನು' ನುಂಗುವವರು ಇದನ್ನು ಮೊದಲ ದಿನದಿಂದ ಗಮನಿಸಬೇಕು.

ಮೂರನೆಯದು ಎಣಿಕೆ. ಅರವತ್ತರವರೆಗೆ ಸರಾಗ. ಎಪ್ಪತ್ತನ್ನು ಅರವತ್ತು-ಹತ್ತು ಎನ್ನುತ್ತಾರೆ, ಎಂಬತ್ತನ್ನು ನಾಲ್ಕು-ಇಪ್ಪತ್ತು, ತೊಂಬತ್ತೇಳನ್ನು ನಾಲ್ಕು-ಇಪ್ಪತ್ತು-ಹತ್ತು-ಏಳು. ಬೆಲ್ಜಿಯಂ, ಸ್ವಿಟ್ಜರ್‌ಲೆಂಡಿನ ಫ್ರೆಂಚ್ ಮಾತಿನವರು ಎಪ್ಪತ್ತಕ್ಕೂ ತೊಂಬತ್ತಕ್ಕೂ ನೇರವಾದ ಪದಗಳನ್ನೇ ಬಳಸುತ್ತಾರೆ.

ನಾಲ್ಕನೆಯದು ಗೌರವ. ಇಂಗ್ಲಿಷಿನಲ್ಲಿ ಕಳೆದುಹೋದ ನೀನು-ನೀವು ಭೇದ ಫ್ರೆಂಚಿನಲ್ಲಿ ಜೀವಂತ: 'ತ್ಯು' ಎಂದರೆ ನೀನು, 'ವೂ' ಎಂದರೆ ನೀವು. ಅಪರಿಚಿತರಿಗೆ, ಹಿರಿಯರಿಗೆ, ಅಂಗಡಿಯವರಿಗೆ 'ವೂ'. ಆದರೆ ಅಲ್ಲಿ ಮಕ್ಕಳು ಅಪ್ಪ-ಅಮ್ಮನಿಗೆ, ಅಜ್ಜಿಗೆ ಸಾಮಾನ್ಯವಾಗಿ 'ತ್ಯು' ಎನ್ನುತ್ತಾರೆ. ಅದು ಸಲಿಗೆ, ಅಗೌರವವಲ್ಲ. ಸಂದೇಹವಿದ್ದರೆ 'ವೂ' ಎನ್ನಿ, ಎದುರಿನವರೇ ಸಲಿಗೆಗೆ ಕರೆಯಲಿ. ಅಂಗಡಿಯೊಳಗೆ ಕಾಲಿಟ್ಟಾಗ ಮೊದಲು 'ಬೋಂಜೂರ್' ಎನ್ನಬೇಕು. ನಮಸ್ಕಾರ ಹೇಳದೆ ನೇರವಾಗಿ ಬೆಲೆ ಕೇಳಿದರೆ ಅಲ್ಲಿ ಒರಟುತನ ಎಂದೇ ಲೆಕ್ಕ.

ಪರಿಚಯವಾಗಬೇಕಾದ ಜನ

ಇಂಗ್ಲಿಷನ್ನು ಷೇಕ್ಸ್‌ಪಿಯರನ ಭಾಷೆ ಎನ್ನುವಂತೆ ಫ್ರೆಂಚನ್ನು ಮೋಲಿಯೇರನ ಭಾಷೆ ಎನ್ನುತ್ತಾರೆ. 1622ರಲ್ಲಿ ಹುಟ್ಟಿದ ಅವನ ನಿಜವಾದ ಹೆಸರು ಜಾಂ-ಬಾತಿಸ್ತ್ ಪೋಕ್ಲಂ. ತಂದೆಗೆ ಅರಮನೆಯ ಪೀಠೋಪಕರಣಗಳಿಗೆ ಬಟ್ಟೆ ಹೊದಿಸುವ ಕೆಲಸ. ಮಗನೂ ಅದನ್ನೇ ಹಿಡಿಯಲಿ ಎಂಬ ಆಸೆ. ಮಗ ನಾಟಕದ ಕಂಪನಿ ಕಟ್ಟಿದ, ಸಾಲ ಮಾಡಿ ಜೈಲು ಕಂಡ, ತಂಡದೊಡನೆ ಹತ್ತು ವರ್ಷಕ್ಕೂ ಹೆಚ್ಚು ಊರೂರು ತಿರುಗಿದ. ಹಳ್ಳಿ ಪಟ್ಟಣಗಳ ಮಾತು, ಜಗಳ, ಜಿಪುಣತನ, ಡಂಭ ಎಲ್ಲ ಅಲ್ಲೇ ಅವನ ಕಿವಿಗೆ ಬಿದ್ದದ್ದು. 1664ರಲ್ಲಿ ಧರ್ಮದ ಸೋಗು ಹಾಕಿ ಮನೆ ಹಾಳುಮಾಡುವವನ ಕಥೆ 'ತಾರ್ತುಫ್' ಆಡಿದಾಗ ಧರ್ಮಾಧಿಕಾರಿಗಳು ಕೆರಳಿದರು; ನಾಟಕಕ್ಕೆ ನಿಷೇಧ ಬಿತ್ತು, ಅದು ತೆರವಾದದ್ದು 1669ರಲ್ಲಿ. ಎ.ಎನ್. ಮೂರ್ತಿರಾಯರು ಇದನ್ನು 'ಆಷಾಢಭೂತಿ' ಎಂಬ ಹೆಸರಲ್ಲಿ ಕನ್ನಡಕ್ಕೆ ಒಗ್ಗಿಸಿದರು. 1673ರ ಫೆಬ್ರುವರಿ 17ರಂದು, ಇಲ್ಲದ ರೋಗಕ್ಕೆ ಔಷಧ ಕುಡಿಯುವ ಮನುಷ್ಯನ ಪಾತ್ರ ಮಾಡುತ್ತಲೇ ಮೋಲಿಯೇರ್ ನಿಜವಾಗಿ ಕುಸಿದ. ಕೆಲವೇ ಗಂಟೆಗಳಲ್ಲಿ ತೀರಿಕೊಂಡ. ಆ ಕಾಲದಲ್ಲಿ ನಟರಿಗೆ ಚರ್ಚಿನ ವಿಧಿಯಂತೆ ಸಂಸ್ಕಾರ ಇರಲಿಲ್ಲ. ದೊರೆಯ ಮಧ್ಯಸ್ಥಿಕೆಯಿಂದ ರಾತ್ರಿ ಹೊತ್ತು ಅವನನ್ನು ಹೂಳಿದರು.

ಅವನ ಕಾಲದವನೇ ಲಾ ಫೋಂತೇನ್. ಕಾಗೆ-ನರಿ, ಜೀರುಂಡೆ-ಇರುವೆಗಳ ಅವನ ಪದ್ಯಕಥೆಗಳನ್ನು ಫ್ರಾನ್ಸಿನ ಮಕ್ಕಳು ಇಂದಿಗೂ ಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಮೊದಲ ಸಂಗ್ರಹ 1668ರಲ್ಲಿ ಬಂತು. 1678ರ ಸಂಗ್ರಹದ ಮುನ್ನುಡಿಯಲ್ಲಿ ಅವನು ಈ ಕಥೆಗಳಲ್ಲಿ ಬಹುಪಾಲಿಗೆ ಪಿಲ್ಪೆ ಎಂಬ ಭಾರತದ ಜ್ಞಾನಿಗೆ ಋಣಿ ಎಂದು ಬರೆದಿದ್ದಾನೆ. ಪಿಲ್ಪೆಯ ಹೆಸರಿನಲ್ಲಿ ಯುರೋಪಿಗೆ ಮುಟ್ಟಿದ್ದು ನಮ್ಮ ಪಂಚತಂತ್ರ. ಸಂಸ್ಕೃತದಿಂದ ಪಹ್ಲವಿ, ಅರಬ್ಬಿ, ಪಾರಸಿಗಳ ಮೂಲಕ ಸಾಗಿದ ಆ ಕಥೆಗಳು 1644ರಲ್ಲಿ ಫ್ರೆಂಚಿಗೆ ಬಂದಿದ್ದವು. ಹನ್ನೊಂದನೇ ಶತಮಾನದಲ್ಲೇ ದುರ್ಗಸಿಂಹನ ಕೈಯಲ್ಲಿ ಕನ್ನಡದ ಪಂಚತಂತ್ರ ಪಡೆದಿರುವ ನಾವು ಲಾ ಫೋಂತೇನನನ್ನು ದೂರದ ನೆಂಟನೆಂದೇ ಎದುರುಗೊಳ್ಳಬಹುದು.

ಅವರಿಗೂ ಹಿಂದಿನವನು ಮೋಂತೇನ್. ತನ್ನ ಗೋಪುರದ ಪುಸ್ತಕದ ಕೋಣೆಯಲ್ಲಿ ಕುಳಿತು, ತನ್ನ ಭಯ, ರೋಗ, ಸ್ನೇಹ, ಓದುಗಳನ್ನೇ ವಿಷಯವಾಗಿಸಿ ಬರೆದ. 1580ರಲ್ಲಿ ಮೊದಲು ಅಚ್ಚಾದ ಆ ಬರಹಗಳಿಂದಲೇ ಪ್ರಬಂಧ ಎಂಬ ಪ್ರಕಾರ ಯುರೋಪಿನಲ್ಲಿ ಹುಟ್ಟಿತು. ಹದಿನೆಂಟನೇ ಶತಮಾನಕ್ಕೆ ಬಂದರೆ ವೋಲ್ತೇರ್. ತುಲೂಸಿನ ಕಾಲಾಸ್ ಎಂಬ ಪ್ರಾಟೆಸ್ಟೆಂಟ್ ವ್ಯಾಪಾರಿಯನ್ನು ಮಗನನ್ನು ಕೊಂದ ಆರೋಪದಲ್ಲಿ 1762ರಲ್ಲಿ ಚಿತ್ರಹಿಂಸೆ ಕೊಟ್ಟು ಕೊಂದರು. ವೋಲ್ತೇರ್ ಮೂರು ವರ್ಷ ಬರೆದು, ಹೋರಾಡಿ, ಸತ್ತವನು ನಿರಪರಾಧಿ ಎಂದು ಸಾರುವಂತೆ ಮಾಡಿದ. ಲೇಖಕ ಅನ್ಯಾಯದ ವಿರುದ್ಧ ನಿಲ್ಲಬೇಕು ಎಂಬ ಫ್ರೆಂಚ್ ಪರಂಪರೆಗೆ ಇದು ಬುನಾದಿ. ರಾಜಿಗೆ ಒಪ್ಪದೆ ಹತ್ತೊಂಬತ್ತು ವರ್ಷ ದೇಶದ ಹೊರಗೆ ಬದುಕಿ, ಅಲ್ಲೇ 1862ರಲ್ಲಿ 'ಲೆ ಮಿಜೆರಾಬ್ಲ್' ಪ್ರಕಟಿಸಿದ ವಿಕ್ಟರ್ ಹ್ಯೂಗೊ, 1898ರಲ್ಲಿ ಯಹೂದಿ ಸೇನಾಧಿಕಾರಿ ಡ್ರೇಫಸ್ ಪರವಾಗಿ ಅಧ್ಯಕ್ಷರಿಗೆ ಬಹಿರಂಗ ಪತ್ರ ಬರೆದ ಎಮಿಲ್ ಝೋಲಾ, 1949ರಲ್ಲಿ ಹೆಣ್ಣಿನ ಸ್ಥಿತಿಯ ಬಗ್ಗೆ ದೊಡ್ಡ ಗ್ರಂಥ ಬರೆದ ಸಿಮೋನ್ ದ ಬೊವಾರ್ ಎಲ್ಲ ಅದೇ ದಾರಿಯವರು. ಕವಿ ಬೋದಿಲೇರನ ಕವನ ಸಂಕಲನದ ಮೇಲೆ 1857ರಲ್ಲಿ ಮೊಕದ್ದಮೆ ನಡೆದು ಆರು ಕವನಗಳಿಗೆ ನಿಷೇಧ ಬಿತ್ತು. ಅದನ್ನು 'ಪಾಪದ ಹೂಗಳು' ಎಂದು ಕನ್ನಡಕ್ಕೆ ತಂದವರು ಪಿ. ಲಂಕೇಶ್.

ಲೂಯಿ ಬ್ರೈಲ್ ಹೆಸರು ನೀವು ಕೇಳಿದ್ದೀರಿ. 1809ರಲ್ಲಿ ಕೂವ್ರೆ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ತಂದೆ ಕುದುರೆಯ ಜೀನು, ತೊಗಲು ಪಟ್ಟಿ ಮಾಡುತ್ತಿದ್ದ. ಮೂರು ವರ್ಷದ ಮಗು ಆಡುತ್ತ ತಂದೆಯ ದಬ್ಬಳ ಕಣ್ಣಿಗೆ ಚುಚ್ಚಿಕೊಂಡಿತು. ಸೋಂಕು ಇನ್ನೊಂದು ಕಣ್ಣಿಗೂ ಹರಡಿ ಪೂರ್ತಿ ಕುರುಡಾಯಿತು. ಹತ್ತನೇ ವಯಸ್ಸಿಗೆ ಪ್ಯಾರಿಸಿನ ಅಂಧರ ಶಾಲೆ ಸೇರಿದ. ಅಲ್ಲಿಗೆ ಬಾರ್ಬಿಯೆ ಎಂಬ ನಿವೃತ್ತ ಸೇನಾಧಿಕಾರಿ ಉಬ್ಬು ಚುಕ್ಕೆಗಳ ಒಂದು ಲಿಪಿ ತಂದ. ಒಂದು ಗುರುತಿಗೆ ಹನ್ನೆರಡು ಚುಕ್ಕೆ. ಬೆರಳ ತುದಿಗೆ ಒಮ್ಮೆಲೇ ಸಿಗದು. ಹದಿಹರೆಯದ ಬ್ರೈಲ್ ಅದನ್ನು ಆರು ಚುಕ್ಕೆಗೆ ಇಳಿಸಿದ, 1829ರಲ್ಲಿ ಪ್ರಕಟಿಸಿದ. ಅವನ ಸ್ವಂತ ಶಾಲೆ ಅದನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು ಅವನು ತೀರಿಕೊಂಡ ಎರಡು ವರ್ಷದ ಮೇಲೆ, 1854ರಲ್ಲಿ. ಇವತ್ತು ಕನ್ನಡದ ಬ್ರೈಲ್ ಪುಸ್ತಕಗಳೂ ಅದೇ ಆರು ಚುಕ್ಕೆಗಳಲ್ಲಿ ಇವೆ.

ವಾರ್ಸಾದಿಂದ 1891ರಲ್ಲಿ ಓದಲು ಬಂದ ಮೇರಿ ಕ್ಯೂರಿ 1903 ಮತ್ತು 1911ರಲ್ಲಿ ಎರಡು ನೊಬೆಲ್ ಪಡೆದು ಫ್ರಾನ್ಸಿಗೆ ಹೆಸರು ತಂದರು. ಲ್ಯೂಮಿಯೇರ್ ಸಹೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸಿನಲ್ಲಿ ಟಿಕೆಟ್ ಇಟ್ಟು ಚಲನಚಿತ್ರ ತೋರಿಸಿದರು. ಮರುವರ್ಷ ಜುಲೈ 7ಕ್ಕೆ ಅವರ ಚಿತ್ರಗಳು ಮುಂಬೈಯ ವಾಟ್ಸನ್ ಹೋಟೆಲಿನಲ್ಲಿ ಓಡಿದವು.

ಶಿಕ್ಷಕರಾದವರು ಮರೆಯಬಾರದ ಕಥೆ ಆಲ್ಬರ್ಟ್ ಕಮೂನದು. ಹುಟ್ಟಿದ್ದು 1913ರಲ್ಲಿ ಅಲ್ಜೀರಿಯಾದಲ್ಲಿ. ಮರುವರ್ಷ ತಂದೆ ಮಹಾಯುದ್ಧದಲ್ಲಿ ಸತ್ತ. ತಾಯಿಗೆ ಓದು ಬಾರದು, ಕಿವಿ ಸರಿಯಾಗಿ ಕೇಳದು. ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದಳು. ಲೂಯಿ ಜರ್ಮೇಂ ಎಂಬ ಪ್ರಾಥಮಿಕ ಶಾಲೆಯ ಮೇಷ್ಟ್ರು ಹುಡುಗನನ್ನು ಗುರುತಿಸಿ, ವಿದ್ಯಾರ್ಥಿವೇತನದ ಪರೀಕ್ಷೆಗೆ ಪ್ರತ್ಯೇಕವಾಗಿ ಪಾಠ ಹೇಳಿ, ಓದು ಬಿಡಿಸಬೇಡಿ ಎಂದು ಮನೆಯವರನ್ನು ಒಪ್ಪಿಸಿದರು. 1957ರಲ್ಲಿ ನೊಬೆಲ್ ಬಂದಾಗ ತಾಯಿಯ ನಂತರ ಕಮೂನಿಗೆ ನೆನಪಾದದ್ದು ಆ ಮೇಷ್ಟ್ರು. ಅವರಿಗೆ ಕೃತಜ್ಞತೆಯ ಪತ್ರ ಬರೆದ, ನೊಬೆಲ್ ಭಾಷಣದ ಪುಸ್ತಕವನ್ನು ಅವರಿಗೇ ಅರ್ಪಿಸಿದ. ಕಮೂ, ತತ್ತ್ವಜ್ಞಾನಿ ಸಾರ್ತ್ರ್ ಇಬ್ಬರ ಅಸ್ತಿತ್ವವಾದಿ ಚಿಂತನೆ ನಮ್ಮ ನವ್ಯ ಸಾಹಿತ್ಯವನ್ನು ಆಳವಾಗಿ ತಟ್ಟಿತು.

ಫ್ರಾನ್ಸಿನ ಹೊರಗಿನ ಫ್ರೆಂಚ್

ಫ್ರೆಂಚ್ ಮಾತಿನ ದೇಶಗಳ ಅಂತರರಾಷ್ಟ್ರೀಯ ಸಂಸ್ಥೆ 2022ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 32 ಕೋಟಿ ಜನರಿಗೆ ಫ್ರೆಂಚ್ ಬರುತ್ತದೆ. ಫ್ರಾನ್ಸಿನ ಜನಸಂಖ್ಯೆ 7 ಕೋಟಿಗೂ ಕಡಿಮೆ. ಅಂದರೆ ಈ ಭಾಷೆಯ ಹೆಚ್ಚಿನ ಜನ ಇರುವುದು ಹೊರಗೆ, ಮುಖ್ಯವಾಗಿ ಆಫ್ರಿಕಾದಲ್ಲಿ. ಕಾಂಗೋದ ಕಿನ್ಶಾಸಾ ಪ್ಯಾರಿಸಿಗಿಂತ ದೊಡ್ಡ ಫ್ರೆಂಚ್ ನಗರ. ವಸಾಹತು ಆಳ್ವಿಕೆ ಹೇರಿದ ಭಾಷೆಯನ್ನೇ ಹಿಡಿದು ಅಲ್ಲಿನ ಲೇಖಕರು ಆಳಿದವರಿಗೆ ಉತ್ತರ ಕೊಟ್ಟರು. ಮಾರ್ತಿನೀಕ್ ದ್ವೀಪದ ಎಮೆ ಸೆಜೇರ್, ಸೆನೆಗಲ್‌ನ ಲೆಯೊಪೋಲ್ ಸೆಂಗೋರ್ ಕಪ್ಪು ಜನರ ಆತ್ಮಗೌರವವನ್ನು ಫ್ರೆಂಚ್ ಕಾವ್ಯದಲ್ಲಿ ಎತ್ತಿಹಿಡಿದರು. ಸೆಂಗೋರ್ 1960ರಲ್ಲಿ ಸ್ವತಂತ್ರ ಸೆನೆಗಲ್‌ನ ಮೊದಲ ಅಧ್ಯಕ್ಷನಾದ, 1983ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದ ಮೊದಲ ಆಫ್ರಿಕನ್ ಆದ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಜನ ಸುತ್ತಲೂ ಇಂಗ್ಲಿಷ್ ಇದ್ದರೂ 1977ರ ಕಾನೂನಿನ ಬಲದಿಂದ ಆಡಳಿತ, ಶಾಲೆ, ಅಂಗಡಿ ಫಲಕಗಳಲ್ಲಿ ಫ್ರೆಂಚ್ ಉಳಿಸಿಕೊಂಡಿದ್ದಾರೆ. ನಮ್ಮ ನೆರೆಯ ಪುದುಚೇರಿ 1954ರವರೆಗೆ ಫ್ರೆಂಚರ ಆಡಳಿತದಲ್ಲಿತ್ತು. ಅಲ್ಲಿನ ಬೀದಿಗಳ ಹೆಸರುಗಳಲ್ಲಿ ಆ ಭಾಷೆ ಇನ್ನೂ ಕಾಣುತ್ತದೆ.

ಹಾಸನದಲ್ಲಿ ಹುಟ್ಟಿದ ರಾಜಾರಾವ್ 1929ರಲ್ಲಿ ಫ್ರಾನ್ಸಿಗೆ ಹೋಗಿ ಮೋಂಪೆಲಿಯೆ, ಸೊರ್ಬೋನ್ ವಿಶ್ವವಿದ್ಯಾಲಯಗಳಲ್ಲಿ ಓದಿದರು. ಅವರ ಆರಂಭದ ಬರಹಗಳು 'ಜಯ ಕರ್ನಾಟಕ'ದಲ್ಲಿ ಕನ್ನಡದಲ್ಲೇ ಬಂದವು. 1960ರ 'ದಿ ಸರ್ಪೆಂಟ್ ಅಂಡ್ ದಿ ರೋಪ್' ಕಾದಂಬರಿಯ ಬಹುಭಾಗ ಫ್ರಾನ್ಸಿನಲ್ಲೇ ನಡೆಯುತ್ತದೆ. ಕನ್ನಡ ನೆಲದ ಮನಸ್ಸು ಆ ಸಂಸ್ಕೃತಿಯನ್ನು ಹೊಕ್ಕು ನೋಡಿದ್ದಕ್ಕೆ ಅದು ಉತ್ತಮ ಸಾಕ್ಷಿ.

ಎಲ್ಲಿಂದ ಶುರುಮಾಡುವುದು

ಮೊದಲ ತಿಂಗಳು ಕಣ್ಣಿಗಿಂತ ಕಿವಿಗೆ ಕೆಲಸ ಕೊಡಿ. ಫ್ರೆಂಚ್ ರೇಡಿಯೊ ಸುದ್ದಿ, ಎಡಿತ್ ಪಿಯಾಫ್ ಹಾಡು, ಮಕ್ಕಳ ಕಥೆ, ಯಾವುದಾದರೂ ಸರಿ, ದಿನಕ್ಕೆ ಅರ್ಧ ಗಂಟೆ ಕೇಳಿ. ಅರ್ಥವಾಗದಿದ್ದರೂ ಧ್ವನಿ ಕಿವಿಯಲ್ಲಿ ಕೂರುತ್ತದೆ. ಓದುವಾಗ ಜೋರಾಗಿ ಓದಿ. ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವುದು ಮೊದಲ ಎರಡು ವಾರಕ್ಕೆ ಸಾಕು. ಆಮೇಲೆ ನಿಲ್ಲಿಸಿ, ಮೂಗಿನ ಸ್ವರ, ಗಂಟಲ ರಕಾರ ನಮ್ಮ ಲಿಪಿಗೆ ಪೂರ್ತಿ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಇರುವವರಿಗೆ ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್ ಇದೆ. ತರಗತಿ, ಗ್ರಂಥಾಲಯ, ಸಿನಿಮಾ ಪ್ರದರ್ಶನ ಅಲ್ಲಿ ಸಿಗುತ್ತವೆ. ಕಲಿಕೆಯ ಹಂತಗಳು ಎ1ರಿಂದ ಸಿ2ವರೆಗೆ ಆರು. ಎ2 ಮುಗಿಸಿದವರು ಧೈರ್ಯವಾಗಿ ಸೇಂತ್-ಎಕ್ಸ್ಯುಪೆರಿಯ 'ಲ ಪೆತಿ ಪ್ರ್ಯಾಂಸ್' ಕೈಗೆತ್ತಿಕೊಳ್ಳಬಹುದು. 1943ರಲ್ಲಿ ಬಂದ ಆ ಪುಟ್ಟ ಪುಸ್ತಕದ ವಾಕ್ಯಗಳು ಸರಳ, ಮಾತು ಆಳ. ಅದರ ನಂತರ ಲಾ ಫೋಂತೇನನ ಒಂದು ಕಥೆಯನ್ನು ಬಾಯಿಪಾಠ ಮಾಡಿ.

ಅಂಕಕ್ಕಾಗಿ, ನೌಕರಿಗಾಗಿ, ಕೆನಡಾಕ್ಕೆ ಹೋಗುವುದಕ್ಕಾಗಿ ಕಲಿಯುವವರನ್ನು ನಾನು ಬೇಡ ಎನ್ನುವುದಿಲ್ಲ; ಅವೂ ನ್ಯಾಯವಾದ ಕಾರಣಗಳೇ. ಆದರೆ ಪರೀಕ್ಷೆ ಮುಗಿದ ದಿನ ಪುಸ್ತಕ ಮುಚ್ಚಿಡಬೇಡಿ. ಮೋಲಿಯೇರ್, ಬ್ರೈಲ್, ಕಮೂ, ಸೆಂಗೋರ್ ಇವರನ್ನು ಅವರದೇ ಮಾತಿನಲ್ಲಿ ಓದುವ ಸಂತೋಷಕ್ಕೆ ಎರಡು ವರ್ಷದ ಶ್ರದ್ಧೆ ದೊಡ್ಡ ಬೆಲೆಯಲ್ಲ. ಚೆನ್ನಾಗಿ ಕಲಿತವರು ಒಂದು ಕಥೆಯನ್ನಾದರೂ ಇಂಗ್ಲಿಷಿನ ಮೂಲಕವಲ್ಲದೆ ನೇರವಾಗಿ ಫ್ರೆಂಚಿನಿಂದ ಕನ್ನಡಕ್ಕೆ ತನ್ನಿ. ಅಂಥ ಕೈಗಳು ಕನ್ನಡಕ್ಕೆ ಇನ್ನೂ ಹೆಚ್ಚು ಬೇಕಾಗಿವೆ.